ಹೃದಯ ನಿಂತಾಗ ಮೆದುಳಿನ ಲೆಕ್ಕ ಬರೆಯೋರು ಯಾರು?

ಇವತ್ತು ಒಂದು ನಂಬರ್‌ನ ಇತಿಹಾಸ ಹೇಳ್ತೀನಿ.

ಓಪನ್ ಹಾರ್ಟ್ ಸರ್ಜರಿ ನಡೆಯುವ ಎಷ್ಟೋ ಆಪರೇಷನ್ ಥಿಯೇಟರ್‌ಗಳಲ್ಲಿ ರೋಗಿಯ ಹಣೆಯ ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಅಂಟಿಸಿರ್ತಾರೆ. ಅದರಿಂದ ಹೊರಟ ವೈರ್ ಒಂದು ಪರದೆಗೆ ಹೋಗುತ್ತೆ. ಪರದೆ ಮೇಲೆ ಎರಡು ಸಂಖ್ಯೆ. ಒಂದು ಕಡೆ 68, ಇನ್ನೊಂದು ಕಡೆ 70 ಅಂತಿಟ್ಟುಕೊಳ್ಳಿ. ಸರ್ಜನ್ ಹೃದಯದ ಕೆಲಸದಲ್ಲಿ ಮುಳುಗಿರ್ತಾರೆ. ಅರಿವಳಿಕೆ ಡಾಕ್ಟರ್ ಮಾತ್ರ ಆಗಾಗ ಆ ಪರದೆ ಕಡೆ ಕಣ್ಣು ಹಾಯಿಸ್ತಾರೆ. ಅವರು ನೋಡ್ತಿರೋದು ಮೆದುಳಿನ ಪರಿಸ್ಥಿತಿಯನ್ನ.

ಆದ್ರೆ ಆ 68 ನಿಜವಾಗಿ ಏನು ಹೇಳುತ್ತೆ? ಮೆದುಳು ಚೆನ್ನಾಗಿದೆ ಅಂತಲಾ? ಈ ಪ್ರಶ್ನೆ ಹಿಂದೆ 70 ವರ್ಷಗಳ ಕಥೆ ಇದೆ. ಮನುಷ್ಯರು ಹೃದಯ ನಿಲ್ಲಿಸೋದನ್ನ ಮೊದಲು ಕಲಿತರು. ಆ ಹೊತ್ತಲ್ಲಿ ಮೆದುಳಿಗೆ ಏನಾಗುತ್ತೆ ಅಂತ ತಿಳ್ಕೊಳ್ಳೋಕೆ ಆಮೇಲೆ ಹೊರಟರು.

2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಮನೆಮನೆಗೂ ಬಂದ ಒಂದು ಚಿಕ್ಕ ಕ್ಲಿಪ್ ನಿಮಗೆ ನೆನಪಿರಬೇಕು. ಬೆರಳಿಗೆ ಸಿಕ್ಕಿಸಿದ್ರೆ 97, 98 ಅಂತ ತೋರಿಸ್ತಿತ್ತು. 94ಕ್ಕೆ ಇಳಿದ್ರೆ ಮನೆಯವರೆಲ್ಲ ಗಾಬರಿ. ಅದೇ ಪಲ್ಸ್ ಆಕ್ಸಿಮೀಟರ್. ಅದರ ಹಿಂದಿನ ಉಪಾಯವನ್ನ ಜಪಾನ್‌ನ ಎಂಜಿನಿಯರ್ ಟಕುವೊ ಅವೊಯಾಗಿ 1974ರಲ್ಲಿ ಮುಂದಿಟ್ಟರು. ಅದು ಕೆಲಸ ಮಾಡೋದೇ ನಾಡಿಮಿಡಿತವನ್ನ ಹಿಡಿದು. ಮಿಡಿಯುವ ರಕ್ತ ಯಾವುದು, ಸುಮ್ಮನೆ ನಿಂತ ಚರ್ಮ ಯಾವುದು ಅಂತ ಬೇರೆ ಮಾಡಿ ಲೆಕ್ಕ ಹಾಕುತ್ತೆ.

ಈಗ ಯೋಚನೆ ಮಾಡಿ. ಹೃದಯ ನಿಲ್ಲಿಸಿ, ರಕ್ತ ಓಡಿಸುವ ಕೆಲಸವನ್ನ ಹಾರ್ಟ್-ಲಂಗ್ ಮಷೀನ್‌ಗೆ ವಹಿಸಿದ್ದಾರೆ. ಆ ಮಷೀನ್ ಸಾಮಾನ್ಯವಾಗಿ ರಕ್ತವನ್ನ ನಲ್ಲಿ ನೀರಿನ ಹಾಗೆ ಒಂದೇ ಸಮ ತಳ್ಳುತ್ತೆ. ಮಿಡಿತವೇ ಇಲ್ಲ ಅಂದ್ಮೇಲೆ ಬೆರಳಿನ ಕ್ಲಿಪ್ ಕೈಕೊಡುತ್ತೆ. ಕೆಲಸ ಮಾಡಿದ್ರೂ ಅದು ಹೇಳೋದು ಬೆರಳಿಗೆ ಬಂದ ರಕ್ತದ ಸುದ್ದಿ. ಮೆದುಳಿಗೆ ಸಾಕಾಗ್ತಿದೆಯಾ ಅನ್ನೋದು ಅದಕ್ಕೆ ಗೊತ್ತಿಲ್ಲ.

ಅಷ್ಟಕ್ಕೂ ಮೆದುಳಿನ ಬಗ್ಗೆ ಇಷ್ಟು ಆತಂಕ ಯಾಕೆ? ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಇದು ಲೆಕ್ಕದ ಭಾಷೆಯಲ್ಲೇ ಚೆನ್ನಾಗಿ ಅರ್ಥ ಆಗೋದು. ಮೆದುಳಿನ ತೂಕ ನಮ್ಮ ದೇಹದ ತೂಕದ ಸುಮಾರು 2 ಶೇಕಡಾ. ಆದ್ರೆ ಅದು ಖರ್ಚು ಮಾಡೋದು ದೇಹ ಬಳಸುವ ಆಕ್ಸಿಜನ್‌ನ ಸುಮಾರು 20 ಶೇಕಡಾ. ಇಷ್ಟು ದೊಡ್ಡ ಖರ್ಚಿನ ಮನೆಯಲ್ಲಿ ಉಳಿತಾಯ ಮಾತ್ರ ಇಲ್ಲವೇ ಇಲ್ಲ. ಸ್ನಾಯುಗಳು ಸ್ವಲ್ಪ ಹೊತ್ತು ಸಾಲದ ಮೇಲೆ ನಡೀತಾವೆ. ಮೆದುಳು ದಿನಗೂಲಿ ಸಂಸಾರ, ಬಂದಿದ್ದು ಆ ಕ್ಷಣಕ್ಕೇ ಮುಗೀತು. ಮಾಮೂಲಿ ದೇಹದ ಉಷ್ಣತೆಯಲ್ಲಿ ರಕ್ತ ನಿಂತ್ರೆ ನಾಲ್ಕೈದು ನಿಮಿಷದಲ್ಲಿ ಹಾನಿ ಶುರು. ಗ್ಲೂಕೋಸ್ ಮತ್ತು ಆಕ್ಸಿಜನ್ ಸುಟ್ಟು ಶಕ್ತಿ ಮಾಡಿಕೊಳ್ಳುವ ಈ ಕೆಲಸಕ್ಕೇ ಚಯಾಪಚಯ ಅಂತಾರೆ, ಅಂದ್ರೆ ಮೆಟಬಾಲಿಸಂ.

ಈಗ ಅಮೆರಿಕದ ಫಿಲಡೆಲ್ಫಿಯಾಗೆ ಹೋಗೋಣ. ಒಂದೇ ಊರಿನ ಇಬ್ಬರು ಡಾಕ್ಟರುಗಳ ಕಥೆ ಇದು.

ಮೊದಲನೆಯವರು ಜಾನ್ ಗಿಬ್ಬನ್. 1931ರಲ್ಲಿ ಅವರು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿದ್ದ ಯುವ ಸರ್ಜನ್. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದ ಒಬ್ಬ ಮಹಿಳೆಯ ಪಕ್ಕ ಇಡೀ ರಾತ್ರಿ ಕೂತು ಅವರ ನಾಡಿ, ರಕ್ತದೊತ್ತಡ ಬರೆದುಕೊಳ್ಳೋದು ಗಿಬ್ಬನ್ ಕೆಲಸವಾಗಿತ್ತು. ಆಕೆ ಉಳಿಯಲಿಲ್ಲ. ಆ ರಾತ್ರಿ ಅವರಿಗೆ ಬಂದ ಯೋಚನೆ ಇದು: ಆಕೆಯ ಕಪ್ಪಾದ ರಕ್ತವನ್ನ ಹೊರಗೆ ತೆಗೆದು, ಆಕ್ಸಿಜನ್ ಕೊಟ್ಟು, ಮತ್ತೆ ಒಳಗೆ ಕಳಿಸೋಕೆ ಆಗಿದ್ರೆ? ಹೆಂಡತಿ ಮೇರಿ ಕೂಡ ಲ್ಯಾಬ್‌ನಲ್ಲಿ ಜೊತೆಯಾಗಿ ದುಡಿದರು. ಬೀದಿ ಬೆಕ್ಕುಗಳ ಮೇಲೆ ಶುರುವಾದ ಪ್ರಯೋಗ ವರ್ಷಗಟ್ಟಲೆ ನಡೀತು. ಕೊನೆಗೆ 1953ರ ಮೇ 6ರಂದು, ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜಿನಲ್ಲಿ, 18 ವರ್ಷದ ಸಿಸಿಲಿಯಾ ಬಾವೊಲೆಕ್ ಅವರ ಹೃದಯದ ಮೇಲಿನ ಎರಡು ಕೋಣೆಗಳ ಮಧ್ಯೆ ಇದ್ದ ರಂಧ್ರವನ್ನ ಗಿಬ್ಬನ್ ಮುಚ್ಚಿದರು. 26 ನಿಮಿಷ ಪೂರ್ತಿಯಾಗಿ ಯಂತ್ರವೇ ಆಕೆಯ ಹೃದಯ, ಯಂತ್ರವೇ ಶ್ವಾಸಕೋಶ. ಆಕೆ ಗುಣವಾಗಿ ಮನೆಗೆ ಹೋದರು. ಆದ್ರೆ ಆಮೇಲೆ ಅದೇ ಯಂತ್ರದಲ್ಲಿ ಆಪರೇಷನ್ ಆದ ಇಬ್ಬರು ಮಕ್ಕಳು ಉಳಿಯಲಿಲ್ಲ. ಗಿಬ್ಬನ್ ಅಲ್ಲಿಗೇ ಕೈಬಿಟ್ಟರು. ಯಂತ್ರವನ್ನ ಮುಂದೆ ಒಯ್ದವರು ಮೇಯೊ ಕ್ಲಿನಿಕ್‌ನ ಜಾನ್ ಕಿರ್ಕ್ಲಿನ್ ಥರದವರು.

ಎರಡನೆಯವರು ಸೀಮೋರ್ ಕೆಟಿ. ಅದೇ ಊರಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಹಿರಿಯ ಸಹೋದ್ಯೋಗಿ ಕಾರ್ಲ್ ಶ್ಮಿಟ್ ಜೊತೆ ಸೇರಿ, 1940ರ ದಶಕದಲ್ಲಿ ಒಂದು ಪ್ರಶ್ನೆ ಹಿಡಿದುಕೊಂಡರು. ಜೀವಂತ ಇರುವ, ಎಚ್ಚರವಾಗಿರುವ ಮನುಷ್ಯನ ಮೆದುಳು ನಿಮಿಷಕ್ಕೆ ಎಷ್ಟು ಆಕ್ಸಿಜನ್ ಖರ್ಚು ಮಾಡುತ್ತೆ? ತಲೆ ತೆರೆಯದೇ ಹೇಳೋದು ಹೇಗೆ?

ಉತ್ತರ ಪಕ್ಕಾ ಅಂಗಡಿ ಲೆಕ್ಕ. ಒಳಗೆ ಎಷ್ಟು ಮಾಲು ಬಂತು, ಹೊರಗೆ ಎಷ್ಟು ವಾಪಸ್ ಹೋಯ್ತು. ಎರಡರ ವ್ಯತ್ಯಾಸವೇ ಒಳಗೆ ಆದ ಖರ್ಚು. ಈ ತತ್ವವನ್ನ ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲೇ ಹೇಳಿದ್ದರು. ಮೆದುಳಿಗೆ ಹೋಗುವ 100 ಮಿಲಿಲೀಟರ್ ಶುದ್ಧ ರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಕ್ಸಿಜನ್ ಇರುತ್ತೆ. ಮೆದುಳು ಬಿಟ್ಟು ಕುತ್ತಿಗೆಯ ದೊಡ್ಡ ಅಭಿಧಮನಿಗೆ ಬಂದಾಗ ಅದರಲ್ಲಿ ಆರೇಳು ಮಿಲಿಲೀಟರ್ ಕಮ್ಮಿ ಆಗಿರುತ್ತೆ. ಇದಿಷ್ಟು ಗೊತ್ತಾಗೋಕೆ ಎರಡು ಕಡೆ ಸೂಜಿ ಹಾಕಿದ್ರೆ ಸಾಕು. ಆದ್ರೆ ಇದು ಅರ್ಧ ಲೆಕ್ಕ. ನಿಮಿಷಕ್ಕೆ ಎಷ್ಟು ರಕ್ತ ಹರೀತು ಅನ್ನೋದೂ ಗೊತ್ತಾಗಬೇಕು. ಅಂಗಡಿಯಲ್ಲಿ ಒಂದು ಪೀಸ್ ಮೇಲಿನ ಲಾಭ ಗೊತ್ತು, ಎಷ್ಟು ಪೀಸ್ ಮಾರಿದೆ ಅಂತ ಗೊತ್ತಿಲ್ಲ ಅಂದ್ರೆ ಒಟ್ಟು ಲೆಕ್ಕ ಹೇಗೆ ಸಿಗುತ್ತೆ?

ಅದಕ್ಕೆ ಕೆಟಿ ನಗೆ ಅನಿಲ ಬಳಸಿದರು, ಅಂದ್ರೆ ನೈಟ್ರಸ್ ಆಕ್ಸೈಡ್. ಕಡಿಮೆ ಪ್ರಮಾಣದಲ್ಲಿ ಹತ್ತು ನಿಮಿಷ ಉಸಿರಾಡಿಸೋದು, ಮಧ್ಯೆ ಮಧ್ಯೆ ಎರಡೂ ಕಡೆಯ ರಕ್ತ ತೆಗೆಯೋದು. ಹೋಗುವ ರಕ್ತದಲ್ಲಿರುವ ಅನಿಲದ ಮಟ್ಟಕ್ಕೆ ಬರುವ ರಕ್ತ ಎಷ್ಟು ಬೇಗ ಏರುತ್ತೆ ಅನ್ನೋದರಿಂದ ಹರಿವು ಸಿಗುತ್ತೆ. ಈ ವಿಧಾನ 1945ರಲ್ಲಿ ಪ್ರಕಟವಾಯ್ತು. ವಯಸ್ಕರ ಇಡೀ ಮೆದುಳಿನ ಲೆಕ್ಕ ಹೊರಬಂತು: ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ, ಹತ್ತಿರಹತ್ತಿರ 50 ಮಿಲಿಲೀಟರ್ ಆಕ್ಸಿಜನ್.

ಪರೀಕ್ಷೆಗೆ ಓದ್ತಿರೋರಿಗೆ ಒಂದು ಸುದ್ದಿ. 1955ರಲ್ಲಿ ಲೂಯಿಸ್ ಸೊಕೊಲಾಫ್, ಕೆಟಿ ಮತ್ತು ಸಂಗಡಿಗರು ಜನರಿಗೆ ಮನಸ್ಸಲ್ಲೇ ಲೆಕ್ಕ ಮಾಡಿಸಿ ಅವರ ಮೆದುಳಿನ ಖರ್ಚು ಅಳೆದರು. ಒಟ್ಟು ಖರ್ಚಿನಲ್ಲಿ ಹೆಚ್ಚಳವೇ ಕಾಣಲಿಲ್ಲ. ಲೆಕ್ಕ ಮಾಡಿ, ಬಿಡಿ, ಮೆದುಳಿನ ಬಾಡಿಗೆ ಬಾಡಿಗೆಯೇ. ಈ ವಿಷಯ ಮುಂದೆ ನಮಗೆ ಬೇಕಾಗುತ್ತೆ.

ನೋಡಿ, ಒಂದೇ ಊರಲ್ಲಿ ಒಬ್ಬರು ಹೃದಯ ನಿಲ್ಲಿಸುವ ದಾರಿ ಕಂಡರು, ಇನ್ನೊಬ್ಬರು ಮೆದುಳಿನ ಖಾತೆ ಬರೆಯುವ ದಾರಿ ಕಂಡರು. ಆದ್ರೆ ಕೆಟಿಯ ವಿಧಾನಕ್ಕೆ ಹತ್ತು ನಿಮಿಷ ಬೇಕು. ಆಪರೇಷನ್ ಟೇಬಲ್ ಮೇಲೆ ಎರಡೇ ನಿಮಿಷದಲ್ಲಿ ಪರಿಸ್ಥಿತಿ ಕೈಮೀರಬಹುದು. ತಿಂಗಳ ಕೊನೆಗೆ ಬರುವ ಸ್ಟೇಟ್‌ಮೆಂಟ್ ನೋಡ್ಕೊಂಡು ಇವತ್ತಿನ ಖರ್ಚು ತಡೆಯೋಕೆ ಆಗುತ್ತಾ?

ಹಾಗಾಗಿ ಸರ್ಜನ್‌ಗಳು ಬೇರೆ ದಾರಿ ಹಿಡಿದರು. ಖರ್ಚು ಅಳೆಯೋಕೆ ಆಗದಿದ್ರೆ ಖರ್ಚನ್ನೇ ಕಡಿಮೆ ಮಾಡೋಣ ಅಂತ. ಕೆನಡಾದ ಟೊರೊಂಟೊದಲ್ಲಿ ವಿಲ್ಫ್ರೆಡ್ ಬಿಗಲೋ, ದೇಹವನ್ನ ತಣ್ಣಗೆ ಮಾಡಿದ್ರೆ ಆಕ್ಸಿಜನ್ ಬೇಡಿಕೆ ಇಳಿಯುತ್ತೆ ಅಂತ ನಾಯಿಗಳ ಮೇಲೆ ಪ್ರಯೋಗ ಮಾಡಿ 1950ರಲ್ಲಿ ಬರೆದರು. ಚಳಿಗಾಲವಿಡೀ ನಿದ್ದೆ ಮಾಡುವ ಗ್ರೌಂಡ್‌ಹಾಗ್ ಅನ್ನೋ ಪ್ರಾಣಿಯ ಗುಟ್ಟು ಹುಡುಕೋಕೆ ಅವರು ವರ್ಷಗಟ್ಟಲೆ ಕಳೆದರು. 1952ರ ಸೆಪ್ಟೆಂಬರ್ 2ರಂದು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯೊಬ್ಬಳನ್ನ 28 ಡಿಗ್ರಿಗೆ ತಣಿಸಿ, ಹೃದಯಕ್ಕೆ ಬರುವ ರಕ್ತವನ್ನ ಐದೂವರೆ ನಿಮಿಷ ತಡೆದು, ರಂಧ್ರ ಹೊಲಿದರು. ಗಿಬ್ಬನ್ ಯಂತ್ರ ಗೆಲ್ಲೋದಕ್ಕಿಂತ ಎಂಟು ತಿಂಗಳು ಮುಂಚೆ ನಡೆದಿದ್ದು ಇದು. ಹುಡುಗಿ ಬದುಕಿದಳು.

ಆಮೇಲೆ ಯಂತ್ರ ಮತ್ತು ತಂಪು, ಎರಡೂ ಕೂಡಿಕೊಂಡವು. ಯಂತ್ರದಿಂದಲೇ ರಕ್ತವನ್ನ ತಣಿಸಿ, ದೇಹವನ್ನ 20 ಡಿಗ್ರಿಗಿಂತ ಕೆಳಗೆ ಇಳಿಸಿ, ಕೊನೆಗೆ ಯಂತ್ರವನ್ನೂ ನಿಲ್ಲಿಸಿಬಿಡುವ ಪದ್ಧತಿ ಬಂತು. ಪೂರ್ತಿ ನಿಶ್ಚಲ. ಹೃದಯವೂ ಇಲ್ಲ, ಯಂತ್ರವೂ ಇಲ್ಲ, ರಕ್ತದ ಓಟವೂ ಇಲ್ಲ. ಹಸುಗೂಸುಗಳ ಪುಟ್ಟ ಹೃದಯದಲ್ಲಿ ಕೆಲಸ ಮಾಡೋಕೆ ಸರ್ಜನ್‌ಗೆ ಇದು ದೊಡ್ಡ ಅನುಕೂಲ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಬ್ರಯಾನ್ ಬ್ಯಾರೆಟ್-ಬಾಯ್ಸ್ 1960ರ ದಶಕದ ಕೊನೆಯಲ್ಲಿ ಇದನ್ನ ಶಿಶುಗಳಿಗೆ ಮಾಡಿ ಪ್ರಸಿದ್ಧರಾದರು. ಅದುವರೆಗೆ ಕೈಚೆಲ್ಲಿದ್ದ ಎಷ್ಟೋ ಮಕ್ಕಳು ಹೀಗೆ ಉಳಿದರು.

ಈಗ ನಾನು ಹಿಂದೆ ಹೇಳಿದ ಬಾಡಿಗೆ ವಿಷಯ. ಕಾಮರ್ಸ್ ಓದಿದೋರಿಗೆ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಗೊತ್ತು. ಮೆದುಳಿಗೂ ಎರಡೂ ಇವೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸೋಕೆ ಆಗುವ ಖರ್ಚು ಒಂದು. ಕೋಶ ಬದುಕಿರೋದಕ್ಕೇ ಆಗುವ ಖರ್ಚು ಇನ್ನೊಂದು. ಅರಿವಳಿಕೆ ಔಷಧ ಮೊದಲನೆಯದನ್ನ ಮಾತ್ರ ಇಳಿಸುತ್ತೆ. ಔಷಧ ಎಷ್ಟೇ ಜಾಸ್ತಿ ಕೊಟ್ಟು ಇಇಜಿಯಲ್ಲಿ ಮೆದುಳಿನ ಅಲೆಗಳು ನೇರ ಗೆರೆ ಆದ್ರೂ ಹತ್ತಿರಹತ್ತಿರ ಅರ್ಧ ಖರ್ಚು ನಡೀತಾನೇ ಇರುತ್ತೆ. ಅಂಗಡಿ ಶಟರ್ ಎಳೆದ್ರೂ ಬಾಡಿಗೆ ಕಟ್ಟಲೇಬೇಕಲ್ಲ, ಹಾಗೆ. ತಂಪು ಮಾತ್ರ ಎರಡನ್ನೂ ಇಳಿಸುತ್ತೆ. ಅದಕ್ಕೇ ಹಾರ್ಟ್ ಸರ್ಜರಿಗೆ ತಂಪು ಅಷ್ಟು ಪ್ರಿಯವಾಯ್ತು.

ಆದ್ರೆ ಇಳಿಸುತ್ತೆ ಅಂದ್ರೆ ಎಷ್ಟು? ತಣ್ಣಗಾದ ಮೆದುಳು ಎಷ್ಟು ನಿಮಿಷ ತಡೆದುಕೊಳ್ಳುತ್ತೆ? ಬಹಳ ವರ್ಷ ಇದಕ್ಕೆ ಉತ್ತರ ಅನುಭವದ ಮಾತಾಗಿತ್ತು. ಪ್ರಾಣಿ ಪ್ರಯೋಗಗಳು ಇದ್ದವು, ಬದುಕಿದ ಮಕ್ಕಳು ಇದ್ದರು. ಮಗು ಎದ್ದು ಅತ್ತರೆ ಎಲ್ಲ ಸರಿಹೋಯ್ತು ಅಂತ ಲೆಕ್ಕ.

ಇದನ್ನ ಗಟ್ಟಿಯಾಗಿ ಪರೀಕ್ಷೆ ಮಾಡಿದ್ದು ಬಾಸ್ಟನ್ ಮಕ್ಕಳ ಆಸ್ಪತ್ರೆ. ಹೃದಯದ ಎರಡು ಮುಖ್ಯ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ್ದ 171 ಶಿಶುಗಳಿಗೆ 1988ರಿಂದ 1992ರ ನಡುವೆ ಆಪರೇಷನ್ ಆಯ್ತು. ಒಂದು ಗುಂಪಿಗೆ ಮುಖ್ಯವಾಗಿ ರಕ್ತದ ಓಟವನ್ನ ಪೂರ್ತಿ ನಿಲ್ಲಿಸುವ ಪದ್ಧತಿ, ಇನ್ನೊಂದಕ್ಕೆ ಯಂತ್ರವನ್ನ ಸಣ್ಣ ಧಾರೆಯಲ್ಲಿ ಓಡಿಸುತ್ತಲೇ ಇರುವ ಪದ್ಧತಿ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ. ಜೇನ್ ನ್ಯೂಬರ್ಗರ್, ಡೇವಿಡ್ ಬೆಲಿಂಜರ್ ಮತ್ತು ಅವರ ತಂಡದ ದೊಡ್ಡತನ ಏನು ಅಂದ್ರೆ, ಅವರು ಮಕ್ಕಳು ಮನೆಗೆ ಹೋದ ದಿನಕ್ಕೆ ಫೈಲ್ ಮುಚ್ಚಲಿಲ್ಲ. ಒಂದನೇ ವಯಸ್ಸಿನಲ್ಲಿ ನೋಡಿದರು, ಎಂಟನೇ ವಯಸ್ಸಿನಲ್ಲಿ ನೋಡಿದರು, ಹದಿನಾರನೇ ವಯಸ್ಸಿನಲ್ಲೂ ಕರೆದು ನೋಡಿದರು.

1993ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ, ಓಟ ನಿಲ್ಲಿಸಿದ ಗುಂಪಿನ ಮಕ್ಕಳಲ್ಲಿ ಫಿಟ್ಸ್ ಹೆಚ್ಚಿತ್ತು. ಎಂಟನೇ ವಯಸ್ಸಿಗೆ ಎರಡು ಗುಂಪಿನ ಐಕ್ಯೂ ಹೆಚ್ಚುಕಮ್ಮಿ ಒಂದೇ. ಆದ್ರೆ ಓಟ ನಿಲ್ಲಿಸಿದ ಗುಂಪಿಗೆ ಕೈಕಾಲಿನ ಚಲನೆ, ಮಾತು ಸ್ವಲ್ಪ ಕಷ್ಟ. ಇನ್ನೊಂದು ಗುಂಪಿನಲ್ಲಿ ಆತುರದ ಸ್ವಭಾವ ಹೆಚ್ಚು. ಹದಿನಾರಕ್ಕೆ ಬರುವಷ್ಟರಲ್ಲಿ ಗುಂಪುಗಳ ನಡುವಿನ ವ್ಯತ್ಯಾಸ ಬಹುತೇಕ ಅಳಿಸಿಹೋಗಿತ್ತು. ಆದ್ರೆ ಎರಡೂ ಗುಂಪಿನಲ್ಲಿ ಸೇರಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಓದಿನಲ್ಲೋ ನಡವಳಿಕೆಯಲ್ಲೋ ವಿಶೇಷ ಸಹಾಯ ಬೇಕಾಗಿತ್ತು. ಹೃದಯ ಚೆನ್ನಾಗಿತ್ತು. ಕ್ಲಾಸ್‌ರೂಮಿನಲ್ಲಿ ಮಾತ್ರ ಏನೋ ಎಡವುತ್ತಿತ್ತು. ಇದಕ್ಕೆ ಆ ಒಂದು ಆಪರೇಷನ್ ಮಾತ್ರ ಕಾರಣ ಅಂತ ಹೇಳೋಕೆ ಆಗಲ್ಲ. ಇಂಥ ಮಕ್ಕಳ ಮೆದುಳಿನ ಬೆಳವಣಿಗೆ ಹುಟ್ಟೋಕೆ ಮುಂಚೆಯೇ ಹಿಂದೆ ಬಿದ್ದಿರಬಹುದು. ಆದ್ರೆ 'ಬದುಕಿತು' ಅನ್ನೋದು ಲೆಕ್ಕದ ಕೊನೆಯ ಸಾಲಲ್ಲ ಅನ್ನೋದು ಸಾಬೀತಾಯ್ತು.

ದೊಡ್ಡವರ ವಿಷಯದಲ್ಲಿ ನೇರವಾಗಿ ಖರ್ಚನ್ನೇ ಅಳೆದವರು ನ್ಯೂಯಾರ್ಕ್‌ನ ಮೌಂಟ್ ಸೈನೈ ಆಸ್ಪತ್ರೆಯ ರ‍್ಯಾಂಡಲ್ ಗ್ರೀಪ್ ಅವರ ತಂಡ. ಮಹಾಪಧಮನಿಯ ಕಮಾನನ್ನ ದುರಸ್ತಿ ಮಾಡುವಾಗ ರಕ್ತದ ಓಟ ನಿಲ್ಲಿಸಲೇಬೇಕು. ತಣಿಸುತ್ತಾ ಹೋದ ಹಾಗೆ ಮೆದುಳಿನ ಖರ್ಚು ಎಷ್ಟು ಇಳಿಯುತ್ತೆ ಅಂತ ಕೆಟಿಯ ಅದೇ ಹಳೇ ತತ್ವದಲ್ಲಿ, ಹೋಗುವ ರಕ್ತ ಬರುವ ರಕ್ತ ಹೋಲಿಸಿ ನೋಡಿದರು. 1999ರಲ್ಲಿ ಪ್ರಕಟವಾಯ್ತು. 15 ಡಿಗ್ರಿಗೆ ಇಳಿಸಿದ್ರೂ ಖರ್ಚು ಸೊನ್ನೆ ಆಗಲ್ಲ, ಸುಮಾರು ಆರರಲ್ಲಿ ಒಂದು ಭಾಗ ಉಳಿಯುತ್ತೆ. ಮಾಮೂಲಿ ಉಷ್ಣತೆಯಲ್ಲಿ ಐದು ನಿಮಿಷ ತಡೆಯುತ್ತೆ ಅಂದ್ರೆ, ಆರು ಪಟ್ಟು ಅಂದ್ರೆ ಅರ್ಧ ಗಂಟೆ. ಅಷ್ಟೇ. ಗಂಟೆಗಟ್ಟಲೆ ಧೈರ್ಯ ಮಾಡೋ ಜಾಗ ಅಲ್ಲ ಇದು. ನೋಡಿ, ಒಂದೇ ಒಂದು ಗುಣಾಕಾರ. ಆದ್ರೆ ಆ ಗುಣಾಕಾರ ಮಾಡೋಕೆ ಮೊದಲು ಖರ್ಚಿನ ಅಂಕಿ ಬೇಕಿತ್ತು, ಅದು ಸಿಗೋಕೆ ನಾಲ್ಕು ದಶಕ ಹಿಡೀತು.

ಇನ್ನೊಂದು ಅಪಾಯ ಯಾರೂ ನಿರೀಕ್ಷಿಸದ ಹೊತ್ತಲ್ಲಿ ಸಿಕ್ತು. ಸರ್ಜರಿ ಮುಗೀತಾ ಬಂತು, ಎಲ್ಲರೂ ನಿಟ್ಟುಸಿರು ಬಿಡೋ ಹೊತ್ತು, ರೋಗಿಯನ್ನ ಮತ್ತೆ ಬೆಚ್ಚಗೆ ಮಾಡ್ತಿದ್ದಾರೆ. ಕುತ್ತಿಗೆಯ ಅಭಿಧಮನಿಯಲ್ಲಿ, ತಲೆಬುರುಡೆಯ ಬುಡದ ತನಕ ತೆಳು ಕೊಳವೆ ಏರಿಸಿ, ಮೆದುಳಿನಿಂದ ವಾಪಸ್ ಬರುವ ರಕ್ತದಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡುವ ಪದ್ಧತಿ ಬಂದಿತ್ತು. ಮಾಮೂಲಿಯಾಗಿ ಅದು 55ರಿಂದ 75 ಶೇಕಡಾ ಇರಬೇಕು. 1990ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ನೋಡಿದಾಗ, ಬೆಚ್ಚಗೆ ಮಾಡುವ ಹೊತ್ತಲ್ಲೇ ಕೆಲವರಲ್ಲಿ ಅದು 50ಕ್ಕಿಂತ ಕೆಳಗೆ ಕುಸೀತಿತ್ತು. ಕಾರಣ ಸರಳ. ಬಿಸಿ ಏರಿದ ಹಾಗೆ ಮೆದುಳಿನ ಹಸಿವು ಏರುತ್ತೆ. ಮಷೀನ್‌ನಲ್ಲಿ ದ್ರವ ಬೆರೆತು ತೆಳುವಾದ ರಕ್ತ ಆಕ್ಸಿಜನ್ ಹೊರೋದು ಕಮ್ಮಿ. ಅಂಗಡಿ ತೆರೆದು ಗಿರಾಕಿಗಳು ಒಟ್ಟಿಗೆ ನುಗ್ಗಿದರು, ಮಾಲು ಮಾತ್ರ ಇನ್ನೂ ಲಾರಿಯಲ್ಲೇ ಇದೆ. ಇವತ್ತು ರೋಗಿಯನ್ನ ನಿಧಾನಕ್ಕೆ ಬೆಚ್ಚಗೆ ಮಾಡೋದಕ್ಕೆ ಇಂಥ ಅಳತೆಗಳೂ ಒಂದು ಕಾರಣ.

ಆದ್ರೆ ಎಲ್ಲರ ಕುತ್ತಿಗೆಗೂ ಕೊಳವೆ ಹಾಕೋಕೆ ಆಗಲ್ಲ. ಚುಚ್ಚದೇ ನೋಡುವ ದಾರಿ ಬೇಕಿತ್ತು. ಅದು ಸಿಕ್ಕಿದ್ದು ಊಟದ ಮೇಜಿನ ಮೇಲೆ.

ಡ್ಯೂಕ್‌ನಲ್ಲೇ ಇದ್ದ ಫ್ರಾನ್ಸ್ ಯೋಬ್ಸಿಸ್ ಅನ್ನೋ ವಿಜ್ಞಾನಿ ಮನೆಯಲ್ಲಿ ಊಟ ಮಾಡುವಾಗ ದನದ ಮಾಂಸದ ಒಂದು ತೆಳು ಮೂಳೆಯನ್ನ ಬೆಳಕಿಗೆ ಹಿಡಿದು ನೋಡಿದರಂತೆ. ಮೂಳೆ ಮೂಲಕ ಕೆಂಪು ಬೆಳಕು ತೂರಿ ಬರ್ತಿತ್ತು. ನೀವೂ ಬೇಕಾದ್ರೆ ಕತ್ತಲಲ್ಲಿ ಫೋನ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ, ಬೆರಳು ಕೆಂಪಗೆ ಹೊಳೆಯುತ್ತೆ. ನೀಲಿ, ಹಸಿರು ಬೆಳಕನ್ನ ದೇಹ ನುಂಗಿಬಿಡುತ್ತೆ. ಕೆಂಪು ಮತ್ತು ಅದರಾಚೆಗಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸುಲಭವಾಗಿ ದಾಟುತ್ತೆ. ಹಾಗಾದ್ರೆ ತಲೆಬುರುಡೆಯನ್ನೂ ದಾಟಬಹುದಲ್ವಾ? 1977ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಹಣೆ ಪಟ್ಟಿಯ ಮೂಲಪುರುಷ ಅದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಯೋಬ್ಸಿಸ್‌ಗೆ ಮುಖ್ಯವಾಗಿ ಬೇಕಾಗಿದ್ದು ರಕ್ತದ ಬಣ್ಣ ಅಲ್ಲ. ಕೋಶದೊಳಗೆ ಆಕ್ಸಿಜನ್ ನಿಜವಾಗಿ ಖರ್ಚಾಗುವ ಜಾಗದಲ್ಲಿ ಒಂದು ಕಿಣ್ವ ಇದೆ, ಸೈಟೋಕ್ರೋಮ್ ಆಕ್ಸಿಡೇಸ್ ಅಂತ. ಅದು ಆಕ್ಸಿಜನ್ ಸಿಕ್ಕಾಗ ಒಂದು ಥರ, ಸಿಗದಿದ್ದಾಗ ಇನ್ನೊಂದು ಥರ ಬೆಳಕು ಹೀರುತ್ತೆ. ಅದನ್ನ ನೋಡಿದ್ರೆ ಖರ್ಚನ್ನೇ ನೋಡಿದ ಹಾಗೆ. ಆದ್ರೆ ಅದರ ಸಂಕೇತ ತುಂಬಾ ಕ್ಷೀಣ. ರಕ್ತದ ಹಿಮೋಗ್ಲೋಬಿನ್‌ನ ಸಂಕೇತ ಅದನ್ನ ಮುಳುಗಿಸಿಬಿಡುತ್ತೆ. ಮಾರುಕಟ್ಟೆಗೆ ಬಂದ ಯಂತ್ರಗಳು ಸುಲಭದ ದಾರಿ ಹಿಡಿದವು, ಹಿಮೋಗ್ಲೋಬಿನ್ ಅಳೆದವು. ಹೀಗೆ ಪರದೆ ಮೇಲಿನ 68 ಹುಟ್ಟಿತು. ಅದು ಖರ್ಚಿನ ಅಂಕಿ ಅಲ್ಲ. ಹಣೆ ಹಿಂದಿನ ಒಂದಿಷ್ಟು ಜಾಗದ ಸಣ್ಣ ರಕ್ತನಾಳಗಳಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅನ್ನೋ ಬಾಕಿ.

ಬಾಕಿ ನೋಡಿ ಮೋಸ ಹೋಗೋದು ಹೇಗೆ ಅಂತ ನಮಗೆಲ್ಲ ಗೊತ್ತು. ಅಕೌಂಟ್‌ನಲ್ಲಿ ದುಡ್ಡು ಹಾಗೇ ಇದೆ ಅಂದ್ರೆ ಸಂಬಳ ಚೆನ್ನಾಗಿ ಬರ್ತಿದೆ ಅಂತಲೂ ಇರಬಹುದು, ಅಕೌಂಟ್ ಬಳಸುವ ಮನುಷ್ಯ ಇಲ್ಲ ಅಂತಲೂ ಇರಬಹುದು. ಇದು ಬರೀ ಹೋಲಿಕೆ ಅಲ್ಲ. 1996ರಲ್ಲಿ ಆಸ್ಟ್ರಿಯಾದ ಸಂಶೋಧಕರು ಈ ಯಂತ್ರದ ಪಟ್ಟಿಯನ್ನ ಮೃತದೇಹಗಳ ಹಣೆಗೆ ಹಚ್ಚಿ ನೋಡಿದರು. ಕೆಲವು ಮೃತದೇಹಗಳಲ್ಲಿ ಬದುಕಿರುವ ಆರೋಗ್ಯವಂತರಲ್ಲಿ ಕಾಣುವಂಥ ಸಂಖ್ಯೆಯೇ ಬಂತು. ಸತ್ತ ಮೆದುಳು ಆಕ್ಸಿಜನ್ ಬಳಸಲ್ಲ, ಉಳಿದಿದ್ದು ಉಳಿದ ಹಾಗೇ ಇರುತ್ತೆ.

2012ರಲ್ಲಿ ಕೆನಡಾದಲ್ಲಿ ಇನ್ನೊಂದು ಸರಳ ಪ್ರಯೋಗ ನಡೀತು. ಆರೋಗ್ಯವಂತ ಸ್ವಯಂಸೇವಕರ ತಲೆಗೆ ಪಟ್ಟಿ ಬಿಗಿದು ಚರ್ಮದ ರಕ್ತ ಓಟ ತಡೆದರು. ಮೆದುಳಿಗೆ ಏನೂ ಆಗಿರಲಿಲ್ಲ. ಆದ್ರೂ ಪರೀಕ್ಷಿಸಿದ ಯಂತ್ರಗಳೆಲ್ಲ ಸಂಖ್ಯೆ ಇಳಿಸಿ ತೋರಿಸಿದವು. ಅಂದ್ರೆ ಆ 68ರಲ್ಲಿ ನೆತ್ತಿಯ ಚರ್ಮದ ಪಾಲೂ ಸೇರಿಕೊಂಡಿದೆ.

ಹಾಗಾದ್ರೆ ಆ ಯಂತ್ರ ವೇಸ್ಟಾ? ಅಲ್ಲ. ಅದರ ಬೆಲೆ ಇರೋದು ಬದಲಾವಣೆಯಲ್ಲಿ. ಶುರುವಿನಲ್ಲಿ 70 ಇದ್ದದ್ದು ಒಂದೇ ಕಡೆ 45ಕ್ಕೆ ಬಿತ್ತು ಅಂದ್ರೆ, ತಲೆ ತಿರುಗಿ ಕುತ್ತಿಗೆಯ ರಕ್ತನಾಳ ಒತ್ತಿದೆಯಾ, ಮಷೀನ್‌ನ ಕೊಳವೆ ಜಾಗ ತಪ್ಪಿದೆಯಾ ಅಂತ ತಕ್ಷಣ ನೋಡ್ತಾರೆ. ರಕ್ತದೊತ್ತಡ ಏರಿಸ್ತಾರೆ, ಕಾರ್ಬನ್ ಡೈಆಕ್ಸೈಡ್ ಸರಿಮಾಡ್ತಾರೆ, ರಕ್ತ ತೀರಾ ತೆಳುವಾಗಿದ್ರೆ ರಕ್ತ ಕೊಡ್ತಾರೆ, ಅರಿವಳಿಕೆ ಆಳ ಮಾಡಿ ಬೇಡಿಕೆ ಇಳಿಸ್ತಾರೆ. ಬೇರೆ ಯಾವ ಪರದೆಯೂ ಹೇಳದ ಒಂದು ದೊಡ್ಡ ಎಡವಟ್ಟನ್ನ ಇದು ಎರಡು ನಿಮಿಷದಲ್ಲಿ ಹೇಳಿದ ಸಂದರ್ಭಗಳಿವೆ. 2007ರಲ್ಲಿ ಕೆನಡಾದ ಜಾನ್ ಮರ್ಕಿನ್ ತಂಡ 200 ಬೈಪಾಸ್ ರೋಗಿಗಳಲ್ಲಿ ಇದನ್ನ ಪರೀಕ್ಷಿಸಿತು. ಸಂಖ್ಯೆ ನೋಡಿ ಕ್ರಮ ಕೈಗೊಂಡ ಗುಂಪಿನಲ್ಲಿ ದೊಡ್ಡ ಅಂಗಾಂಗಗಳ ತೊಂದರೆ ಮತ್ತು ಸಾವು, ಒಟ್ಟಿಗೆ ತಗೊಂಡು ನೋಡಿದಾಗ, ಕಮ್ಮಿ ಇತ್ತು. ಆದ್ರೆ ಇದರಿಂದ ಎಲ್ಲರ ಮೆದುಳು ಕಾಪಾಡಬಹುದು ಅಂತ ಅಡ್ಡಗೆರೆ ಎಳೆದು ಹೇಳುವಂಥ ತೀರ್ಪು ಆಮೇಲಿನ ಅಧ್ಯಯನಗಳಿಂದಲೂ ಬರಲಿಲ್ಲ.

ಈ ತೀರ್ಪು ಯಾಕೆ ಅಷ್ಟು ಮುಖ್ಯ ಅಂದ್ರೆ, 2001ರಲ್ಲಿ ಡ್ಯೂಕ್‌ನ ಮಾರ್ಕ್ ನ್ಯೂಮನ್ ತಂಡ ಒಂದು ಅಧ್ಯಯನ ಪ್ರಕಟಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಬೈಪಾಸ್ ಆದ 261 ಜನರ ನೆನಪು, ಗಮನ ಎಲ್ಲ ಪರೀಕ್ಷಿಸಿದ್ದರು. ಆಸ್ಪತ್ರೆಯಿಂದ ಹೊರಡುವಾಗ 53 ಶೇಕಡಾ ಜನರಲ್ಲಿ ಕುಸಿತ ಇತ್ತು. ಆರು ತಿಂಗಳಿಗೆ ಅದು 24 ಶೇಕಡಾಗೆ ಇಳೀತು. ಐದು ವರ್ಷಕ್ಕೆ ಮತ್ತೆ 42 ಶೇಕಡಾ. ಎಲ್ಲರೂ ಬೆರಳು ತೋರಿಸಿದ್ದು ಮಷೀನ್ ಕಡೆಗೆ. ಆದ್ರೆ ಜಾನ್ಸ್ ಹಾಪ್ಕಿನ್ಸ್‌ನ ಓಲಾ ಸೆಲ್ನೆಸ್, ಗೈ ಮೆಕಾನ್ ಒಂದು ಕೆಲಸ ಮಾಡಿದರು. ಅದೇ ಥರ ಹೃದಯದ ಕಾಯಿಲೆ ಇದ್ದೂ ಬೈಪಾಸ್ ಮಾಡಿಸಿಕೊಳ್ಳದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಅವರಲ್ಲೂ ಹೆಚ್ಚುಕಮ್ಮಿ ಅಷ್ಟೇ ಕುಸಿತ. ಅಂದ್ರೆ ವರ್ಷಗಳ ನಂತರದ ಮರೆವಿಗೆ ಆ ಕೆಲವು ಗಂಟೆಗಳಿಗಿಂತ, ಮೆದುಳಿನ ರಕ್ತನಾಳಗಳಲ್ಲೂ ಮೊದಲಿಂದ ಬೆಳೀತಿದ್ದ ಅದೇ ಕಾಯಿಲೆಯ ಪಾಲು ದೊಡ್ಡದು. ಸರ್ಜರಿ ಆದ ಹೊಸದರಲ್ಲಿ ಕಾಣುವ ಮಂಕು ಮಾತ್ರ ನಿಜ. ಬಹಳ ಜನರಲ್ಲಿ ಅದು ವಾರ, ತಿಂಗಳುಗಳಲ್ಲಿ ತಿಳಿಯಾಗುತ್ತೆ.

ಈ ಇಡೀ ಕಥೆಯಲ್ಲಿ ನನಗೆ ಹಿಡಿಸಿದ್ದು ಇದು. ಪ್ರತಿ ಸಲವೂ ಡಾಕ್ಟರುಗಳಿಗೆ ಬೇಕಾಗಿದ್ದು ಮೆದುಳಿನ ಖರ್ಚು, ಕೈಗೆ ಸಿಕ್ಕಿದ್ದು ಅದರ ಬದಲಿಗೆ ಬೇರೇನೋ. ಒಮ್ಮೆ ಉಷ್ಣತೆ, ಒಮ್ಮೆ ಇಇಜಿ ಗೆರೆ, ಒಮ್ಮೆ ಕುತ್ತಿಗೆಯ ರಕ್ತ, ಈಗ ಹಣೆಯ ಸಂಖ್ಯೆ. ಪ್ರತಿಯೊಂದೂ ಜೀವ ಉಳಿಸಿದೆ. ಪ್ರತಿಯೊಂದನ್ನೂ ಅದೇ ಸತ್ಯ ಅಂದುಕೊಂಡಾಗ ತಪ್ಪು ದಾರಿಗೂ ಎಳೆದಿದೆ. ತಿದ್ದಿದ್ದು ಯಾರು? ಸರ್ಜರಿ ಮುಗಿದ ಮೇಲೂ ರೋಗಿಯನ್ನ ಬಿಡದೆ ಹಿಂಬಾಲಿಸಿದವರು. ಬಾಸ್ಟನ್‌ನಲ್ಲಿ ಹದಿನಾರು ವರ್ಷ ಮಕ್ಕಳ ಹಿಂದೆ ಬಿದ್ದವರು, ಆಪರೇಷನ್ ಆಗದವರನ್ನೂ ಕೂರಿಸಿ ಕೇಳಿದವರು. ಯಾವ ಸೆನ್ಸರ್ ಕೂಡ ಆ ಕೆಲಸ ಮಾಡಲಿಲ್ಲ.

ಯೋಬ್ಸಿಸ್ ಹುಡುಕಿದ ಆ ಕ್ಷೀಣ ಸಂಕೇತದ ಬೆನ್ನು ಹತ್ತಿದವರು ಇನ್ನೂ ಇದ್ದಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಒಂದೆರಡರ ಬದಲು ನೂರಾರು ತರಂಗಗಳ ಬೆಳಕು ಬಳಸಿ, ಶಿಶುಗಳ ಮೆದುಳಿನ ಸೈಟೋಕ್ರೋಮ್ ಆಕ್ಸಿಡೇಸನ್ನೇ ಓದುವ ಕೆಲಸ ನಡೆದಿದೆ. ಅದು ಥಿಯೇಟರ್‌ನ ಮಾಮೂಲಿ ಪರದೆಯಾಗುವ ದಿನ ಬಂದ್ರೆ, ಬಾಕಿ ಬಿಟ್ಟು ಖರ್ಚನ್ನೇ ನೋಡಬಹುದು.

ಅಲ್ಲಿಯವರೆಗೆ ನಮ್ಮ ಪಾಲಿಗೂ ಒಂದು ಕೆಲಸ ಇದೆ. ನಿಮ್ಮಪ್ಪನಿಗೋ ಅಜ್ಜಿಗೋ ಬೈಪಾಸ್ ಆಗಿ ಮನೆಗೆ ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಗಾಯ ಒಣಗಿದೆ, ಇಸಿಜಿ ಚೆನ್ನಾಗಿದೆ. ಆದ್ರೆ ಪೇಪರ್ ಓದ್ತಾ ಓದ್ತಾ ಸಾಲು ತಪ್ಪುತ್ತೆ, ಅಂಗಡಿ ಲೆಕ್ಕ ಕೈಕೊಡುತ್ತೆ, ಸುಮ್ಮಸುಮ್ಮನೆ ರೇಗ್ತಾರೆ. 'ವಯಸ್ಸಾಯ್ತು ಬಿಡು' ಅಂತ ತಳ್ಳಿಹಾಕಬೇಡಿ, 'ಆಪರೇಷನ್ನೇ ಕೆಡಿಸ್ತು' ಅಂತ ತೀರ್ಪೂ ಕೊಡಬೇಡಿ. ಗಮನಿಸಿ, ಬರೆದಿಟ್ಟುಕೊಳ್ಳಿ, ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಹೇಳಿ. ಮಾತು ತೊದಲೋದು, ಮುಖ ಸೊಟ್ಟ ಆಗೋದು, ಒಂದು ಕಡೆ ಕೈಕಾಲು ಬಲ ಕಳ್ಕೊಳ್ಳೋದು ಕಂಡ್ರೆ ಮಾತ್ರ ಚೆಕಪ್ ದಿನಕ್ಕೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಥಿಯೇಟರ್‌ನಲ್ಲಿ ಲೆಕ್ಕ ಬರೆಯೋಕೆ ಯಂತ್ರ ಇದೆ. ಮನೆಗೆ ಬಂದ ಮೇಲಿನ ಲೆಕ್ಕ ಬರೆಯೋರು ನೀವೇ.